ಜಳಕದ ಲೆಕ್ಕ

ನಮ್ಮ ಬಚ್ಚಲಲ್ಲಿ ಎರಡು ಬಕೆಟ್ಟುಗಳಿವೆ. ಒಂದು ಜಳಕಕ್ಕೆ, ಇನ್ನೊಂದು ಕಾಯುವುದಕ್ಕೆ. ಕನ್ನಡದಲ್ಲಿ ನೀರೂ ಕಾಯುತ್ತದೆ, ಮನುಷ್ಯರೂ ಕಾಯುತ್ತಾರೆ. ಪುಣೆಯ ಅಪಾರ್ಟ್‌ಮೆಂಟುಗಳಲ್ಲಿ ಇವೆರಡೂ ಒಟ್ಟಿಗೆ ನಡೆಯುತ್ತವೆ: ನೀರು ಮೇಲೆ ಟೆರೇಸಿನಲ್ಲಿ ಕಾದಿರುತ್ತದೆ, ನಾವು ಕೆಳಗೆ ಟವೆಲ್ ಸುತ್ತಿಕೊಂಡು ಕಾಯುತ್ತಿರುತ್ತೇವೆ.

ಬಾಣೇರಿನ ನಮ್ಮ ಕಟ್ಟಡಕ್ಕೆ ಹನ್ನೊಂದು ಮಹಡಿ. ನಾವು ನಾಲ್ಕನೆಯದರಲ್ಲಿ. ಬೆಳಗಿನ ಆರಕ್ಕೆ ಸೋಲಾರ್ ನಲ್ಲಿ ತಿರುಗಿಸಿದರೆ ಮೊದಲು ಬರುವುದು ರಾತ್ರಿಯೆಲ್ಲ ಪೈಪಿನಲ್ಲಿ ನಿಂತು ತಣ್ಣಗಾದ ನೀರು. ಒಂದು ದಿನ ಅಳೆದು ನೋಡಿದೆ. ಕೈಗೆ ಬಿಸಿ ತಾಗುವ ಹೊತ್ತಿಗೆ ಎರಡನೇ ಬಕೆಟ್ಟಿನಲ್ಲಿ ಎಂಟು ಲೀಟರ್ ತುಂಬಿತ್ತು. ಕಾಗದದ ಮೇಲೆ ಗುಣಿಸಿದರೂ ಅಷ್ಟೇ ಬರುತ್ತದೆ: ಎರಡು ಸೆಂಟಿಮೀಟರ್ ಒಳಅಗಲದ ಪೈಪು, ಇಪ್ಪತ್ತೈದು ಮೀಟರ್ ಉದ್ದ, ಅದರ ಹೊಟ್ಟೆಯಲ್ಲಿ ಹಿಡಿಯುವುದು ಸುಮಾರು ಎಂಟು ಲೀಟರು. ಭಾನುವಾರ ತಡವಾಗಿ ಎದ್ದರೆ ಈ ಕಾಯುವಿಕೆ ಇರುವುದಿಲ್ಲ. ಮೇಲಿನ ಮನೆಗಳವರು ಅಷ್ಟು ಹೊತ್ತಿಗೆ ಮಿಂದು ಪೈಪನ್ನು ಬೆಚ್ಚಗೆ ಮಾಡಿಟ್ಟಿರುತ್ತಾರೆ. ಅವರ ಜಳಕದ ಪುಣ್ಯ ನಮಗೆ.

ಎರಡನೇ ಬಕೆಟ್ಟಿನ ನೀರು ನೆಲ ಒರೆಸಲು ಹೋಗುತ್ತದೆ, ಬಾಲ್ಕನಿಯ ತುಳಸಿಗೆ ಹೋಗುತ್ತದೆ. ನಮ್ಮನೆಯಾಕೆಗೆ ಇದರ ಬಗ್ಗೆ ಸಣ್ಣ ಹೆಮ್ಮೆಯೂ ಇದೆ. ಇರಲಿ. ನನ್ನ ತಕರಾರು ಬಕೆಟ್ಟಿನ ಮೇಲಲ್ಲ. ಆ ಬಕೆಟ್ಟಿಗೆ ‘ಹಸಿರು ಅಭ್ಯಾಸ’ ಎಂದು ಹೆಸರಿಟ್ಟು, ಅದನ್ನು ಮನೆಯ ಹೆಂಗಸಿನ ತಲೆಗೆ ಕಟ್ಟಿ, ಎಂಟು ಲೀಟರ್ ತಣ್ಣೀರು ಯಾಕೆ ಬರುತ್ತದೆ ಎಂಬ ಪ್ರಶ್ನೆಯನ್ನೇ ಕೈಬಿಡುತ್ತೇವಲ್ಲ, ಅದರ ಮೇಲೆ.

ವಿದ್ಯುತ್ ಉಳಿಸುವ ಸಲಹೆಗಳು ನಮ್ಮ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಪ್ರತಿ ಬೇಸಿಗೆಗೂ ಬರುತ್ತವೆ. ಮೊಬೈಲ್ ಚಾರ್ಜರನ್ನು ಪ್ಲಗ್ಗಿನಿಂದ ಕೀಳಿ, ಟಿವಿಯನ್ನು ರಿಮೋಟಿನಲ್ಲಿ ಅಲ್ಲ, ಸ್ವಿಚ್ಚಿನಲ್ಲೇ ಆರಿಸಿ, ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯಬೇಡಿ, ಗೀಸರ್ ನೆನಪಿಟ್ಟು ಆರಿಸಿ. ಒಂದೂ ಸುಳ್ಳಲ್ಲ. ಆದರೆ ಎಲ್ಲವೂ ಒಂದೇ ತೂಕದ ಮಾತುಗಳಂತೆ ಸಾಲಾಗಿ ನಿಂತಿರುತ್ತವೆ. ತಕ್ಕಡಿಗೆ ಹಾಕಿದರೆ ಒಂದು ಸಾಸಿವೆ, ಇನ್ನೊಂದು ಕುಂಬಳಕಾಯಿ.

ತಕ್ಕಡಿಗೆ ಹಾಕೋಣ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಬೇಕಾಗುವುದು 0.4 ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 50 ಯೂನಿಟ್. ಬಕೆಟ್ ಬಿಟ್ಟು ಶವರ್ ಕೆಳಗೆ ಏಳು ನಿಮಿಷ ನಿಂತರೆ ನೀರೂ ಮೂರು ಪಟ್ಟು, ಯೂನಿಟ್ಟೂ ಮೂರು ಪಟ್ಟು. ಇನ್ನು ಆ ಚಾರ್ಜರು. ಫೋನಿಲ್ಲದೆ ಖಾಲಿ ಸಿಕ್ಕಿಸಿಟ್ಟ ಇಂದಿನ ಒಳ್ಳೆಯ ಚಾರ್ಜರು ಎಳೆಯುವುದು ಒಂದು ವಾಟಿನ ಹತ್ತನೇ ಒಂದು ಪಾಲಿನ ಆಸುಪಾಸು. ವರ್ಷವಿಡೀ ಹಾಗೇ ಬಿಟ್ಟರೂ ಒಂದು ಯೂನಿಟ್ ತುಂಬುವುದಿಲ್ಲ. ಅಂದರೆ ಮುನ್ನೂರ ಅರವತ್ತೈದು ದಿನ ತಪ್ಪದೆ ಚಾರ್ಜರ್ ಕಿತ್ತಿಟ್ಟವರು ಗಳಿಸುವುದು ಎರಡು ಬಕೆಟ್ ಬಿಸಿನೀರು. ಕೇಬಲ್ಲಿನವರ ಸೆಟ್ ಟಾಪ್ ಬಾಕ್ಸ್ ಹತ್ತು ವಾಟ್ ಎಳೆಯುತ್ತಾ ಹಗಲಿರುಳು ಕೂತಿದ್ದರೆ ತಿಂಗಳಿಗೆ ಏಳು ಯೂನಿಟ್. ಅದನ್ನು ಆರಿಸುವುದರಲ್ಲಿ ಅರ್ಥವಿದೆ. ಬಲ್ಬಿನ ಕಥೆ ಮುಗಿದ ಕಥೆ. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಅಗ್ಗವಾಗಿ, 60 ವಾಟಿನ ಗಾಜಿನ ಬುರುಡೆ ಈಗ ಹುಡುಕಿದರೂ ಸಿಗುವುದು ಕಷ್ಟ.

ಈ ಲೆಕ್ಕದಿಂದ ಒಂದು ಒರಟು ಸೂತ್ರ ಹೊರಡುತ್ತದೆ: ಬೆಳಗುವುದು, ಮಾತಾಡುವುದು ಕಡಿಮೆ ತಿನ್ನುತ್ತದೆ, ಕಾಯಿಸುವುದು, ತಣಿಸುವುದು, ಸದಾ ತಿರುಗುವುದು ಹೆಚ್ಚು ತಿನ್ನುತ್ತದೆ. ಉಳಿತಾಯ ಬೇಕಾದವರು ಬಚ್ಚಲಿಗೆ ಹೋಗಬೇಕು, ಆಮೇಲೆ ಛಾವಣಿ ನೋಡಬೇಕು.

ಹಣದ ಲೆಕ್ಕದಲ್ಲಿ ಇನ್ನೂ ಒಂದು ಗುಟ್ಟಿದೆ, ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಮೊದಲ 100 ಯೂನಿಟ್ಟಿಗೆ ಒಂದು ದರ, 101ರಿಂದ 300ರವರೆಗೆ ಇನ್ನೊಂದು, ಅಲ್ಲಿಂದ 500ರವರೆಗೆ ಮತ್ತೊಂದು, ಅದರಾಚೆ ಮಗದೊಂದು. ಎರಡನೇ ಮೆಟ್ಟಿಲಿನ ದರ ಮೊದಲನೆಯದರ ಸುಮಾರು ಎರಡು ಪಟ್ಟು. ಅದರ ಮೇಲೆ ಶೇ. 16 ವಿದ್ಯುತ್ ಶುಲ್ಕ. ಜನ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್ಟುಗಳಿಂದ ಭಾಗಿಸಿ “ನಮಗೆ ಯೂನಿಟ್ಟಿಗೆ ಇಷ್ಟು ಬೀಳುತ್ತೆ” ಅನ್ನುತ್ತಾರೆ. ಅದು ಸರಾಸರಿ. ಉಳಿಸಿದ ಯೂನಿಟ್ ಮಾತ್ರ ಸರಾಸರಿಯಿಂದ ಕಳೆಯುವುದಿಲ್ಲ, ತುದಿಯಿಂದ ಕಳೆಯುತ್ತದೆ, ಎಲ್ಲಕ್ಕಿಂತ ದುಬಾರಿ ಮೆಟ್ಟಿಲಿನಿಂದ. 150 ಯೂನಿಟ್ಟಿನ ಮನೆಯವರು ಜಳಕದ 50 ಯೂನಿಟ್ಟನ್ನು ಬಿಸಿಲಿಗೆ ಒಪ್ಪಿಸಿದರೆ ಮೂರನೇ ಒಂದು ಪಾಲು ಯೂನಿಟ್ ಹೋಗಿ, ಯೂನಿಟ್ ಲೆಕ್ಕದ ಹಣದಲ್ಲಿ ಅರ್ಧದ ಹತ್ತಿರ ಹತ್ತಿರ ಹೋಗುತ್ತದೆ.

ನೀರು ಕಾಯಿಸುವುದು ಈ ಊರಿಗೂ ನಮ್ಮ ಕಡೆಗೂ ಹಳೆಯ ಕಸುಬು. ನಮ್ಮ ಅಜ್ಜಿಯ ಬಚ್ಚಲಲ್ಲಿ ಹಂಡೆ ಒಲೆಯ ಮೇಲೆ ಹೂತಿರುತ್ತಿತ್ತು. ಕೆಳಗೆ ತೊಗರಿಕಟ್ಟಿಗೆ, ಕುಳ್ಳು, ತೆಂಗಿನ ಚಿಪ್ಪು. ಕೊಂಡು ತಂದದ್ದು ಏನೂ ಇಲ್ಲ. ಒಲೆ ಹೊತ್ತಿತೆಂದರೆ ಆಕೆಯ ಕೂಗು ಶುರು: ಒಬ್ಬರ ಹಿಂದೆ ಒಬ್ಬರು ಜಳಕ ಮುಗಿಸಬೇಕು, ನಡುವೆ ಒಲೆ ಆರಬಾರದು, ಎರಡನೇ ಸಲ ಉರಿ ಹಚ್ಚುವುದಿಲ್ಲ. ಹನ್ನೊಂದು ಮಹಡಿಯ ಪೈಪಿಗೂ ಅದೇ ನಿಯಮ. ಒಬ್ಬರ ಹಿಂದೆ ಒಬ್ಬರು ಮಿಂದರೆ ಎಂಟು ಲೀಟರ್ ಒಮ್ಮೆ ಹೋಗುತ್ತದೆ, ಗಂಟೆಗೊಬ್ಬರಂತೆ ಮಿಂದರೆ ನಾಲ್ಕು ಸಲ.

ಪುಣೆಯ ಹಳೆಯ ವಾಡೆಗಳಲ್ಲಿ ಹಂಡೆಯ ಬದಲು ಬಂಬ್ ಇತ್ತು. ಕಸಬಾ ಪೇಠದ ತಾಂಬಟ್ ಆಳಿಯಲ್ಲಿ, ಪೇಶ್ವೆಯರ ಕಾಲದಿಂದ ತಾಮ್ರ ಬಡಿಯುತ್ತ ಬಂದ ಕುಟುಂಬಗಳ ಓಣಿಯಲ್ಲಿ, ಇವತ್ತಿಗೂ ಸುತ್ತಿಗೆಯ ಸದ್ದು ಕೇಳುತ್ತದೆ, ಬಂಬ್ ನೋಡಲು ಸಿಗುತ್ತದೆ. ತಾಮ್ರದ ಎತ್ತರದ ಪಾತ್ರೆ, ನಟ್ಟನಡುವೆ ಒಂದು ಕೊಳವೆ, ಕೆಂಡ ಬೀಳುವುದು, ಹೊಗೆ ಏರುವುದು ಆ ಕೊಳವೆಯೊಳಗೆ, ಸುತ್ತ ನೀರು. ಹಂಡೆಯ ಉರಿ ಅರ್ಧಕ್ಕರ್ಧ ಗೋಡೆಯನ್ನೂ ಗಾಳಿಯನ್ನೂ ಕಾಯಿಸುತ್ತದೆ. ಬಂಬಿನಲ್ಲಿ ಬೆಂಕಿ ನೀರಿನ ಹೊಟ್ಟೆಯೊಳಗೇ ಇರುವುದರಿಂದ ಅದು ಓಡಿಹೋಗಲು ದಾರಿ ಕಡಿಮೆ. ತೋರಿಸಿದ ತಾಂಬಟರು ಕೆಳಗಿನ ನಲ್ಲಿ ತಿರುಗಿಸಿ, ಮೇಲಿಂದ ಒಂದು ಚರಗಿ ತಣ್ಣೀರು ಸುರಿದರು. ಎಷ್ಟು ತೆಗೆದಿರೋ ಅಷ್ಟು ಹಾಕಬೇಕು, ಇಲ್ಲದಿದ್ದರೆ ತಳದ ಬೆಸುಗೆ ಬಿಡುತ್ತದಂತೆ. ಮಿಂದವನು ಮುಂದಿನವನಿಗೆ ನೀರು ತುಂಬಿ ಬರುವ ಅಭ್ಯಾಸವನ್ನು ಉಪದೇಶವಲ್ಲ, ಆ ಪಾತ್ರೆಯೇ ಕಲಿಸುತ್ತಿತ್ತು.

ಹಳೆಯದೆಲ್ಲ ಚಿನ್ನ ಎನ್ನಲು ಇದನ್ನು ಹೇಳುತ್ತಿಲ್ಲ. ಅಜ್ಜಿಯ ಕಣ್ಣು ಹೊಗೆಗೆ ಹೋದವು. ಅಭ್ಯಾಸವನ್ನು ಹುಟ್ಟಿಸುವುದು ಮನಸ್ಸಿಗಿಂತ ಹೆಚ್ಚಾಗಿ ಸಾಮಾನು ಎಂಬುದಷ್ಟೇ ನನ್ನ ಮಾತು. ಇದನ್ನು ನಮ್ಮಲ್ಲಿ ಸ್ಪಷ್ಟವಾಗಿ ಕಂಡವರು ಬೆಂಗಳೂರಿನ ಅಮೂಲ್ಯ ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಹೊಗೆ ಕಡಿಮೆ, ಕಟ್ಟಿಗೆ ಕಡಿಮೆ ಬೇಡುವ ಅಸ್ತ್ರ ಒಲೆ ಬಂತು. ಆಮೇಲೆ ಅವರು ಒಲೆಯಿಂದ ರಾಜ್ಯದ ಗ್ರಿಡ್ಡಿಗೆ ಏರಿದರು. 1980ರ ದಶಕದ ಕೊನೆಯಲ್ಲಿ ಕರ್ನಾಟಕದ ವಿದ್ಯುತ್ ಯೋಜನೆ ಹಾಕಿದವರು ಇಷ್ಟು ಬೇಡಿಕೆ, ಅದಕ್ಕೆ ಇಷ್ಟು ಸ್ಥಾವರ ಎಂದು ಪಟ್ಟಿ ಮಾಡಿದ್ದರು. ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬೇರೆಯೇ ಲೆಕ್ಕ ಮಂಡಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅವನ್ನೇ ಕಡಿಮೆ ಯೂನಿಟ್ಟಿನಲ್ಲಿ ಕೊಡಲು ಬಂದರೆ ಸ್ಥಾವರಗಳ ಪಟ್ಟಿ ಗಿಡ್ಡವಾಗುತ್ತದೆ. ಆ ಲೆಕ್ಕದಲ್ಲಿ ವಿದ್ಯುತ್ ಗೀಸರಿನ ಜಾಗದಲ್ಲಿ ಸೋಲಾರ್ ಹಾಕುವುದಕ್ಕೆ ಒಳ್ಳೆಯ ಜಾಗವೇ ಇತ್ತು. ಕರ್ನಾಟಕದ ಬಿಲ್ಲುಗಳಲ್ಲಿ ಆಗ ಎ.ಇ.ಎಚ್. ಎಂಬ ವರ್ಗವಿತ್ತು, ಸಂಪೂರ್ಣ ವಿದ್ಯುತ್ ಮನೆ. ಅದನ್ನು ಅಂತಸ್ತಿನ ಗುರುತಿನಂತೆ ಹೇಳಿಕೊಳ್ಳುತ್ತಿದ್ದರು. ಅಂಥ ಮನೆಗಳೆಲ್ಲ ಬೆಳಗಿನ ಒಂದೇ ಹೊತ್ತಿಗೆ ಗೀಸರ್ ಹಾಕಿದಾಗ ರಾಜ್ಯದ ಹೊರೆ ಏರುತ್ತಿತ್ತು. ಆ ಎರಡು ತಾಸಿಗಾಗಿ ಒಂದು ವಿದ್ಯುತ್ ಸ್ಥಾವರ ಕಟ್ಟಬೇಕೇ ಎಂಬುದು ಅವರ ಪ್ರಶ್ನೆಯ ತಿರುಳು.

ಅದೇ ಜಾಡಿನಲ್ಲಿ ಪುಣೆಯಲ್ಲಿ ಕೆಲಸ ಮಾಡಿದವರು ಪ್ರಯಾಸ್ ಸಂಸ್ಥೆಯ ಗಿರೀಶ್ ಸಂತ್ ಮತ್ತು ಗೆಳೆಯರು. ಎನ್ರಾನಿನ ದಾಭೋಳ ಸ್ಥಾವರದ ಒಪ್ಪಂದ ಮಹಾರಾಷ್ಟ್ರಕ್ಕೆ ಎಷ್ಟು ದುಬಾರಿಯಾಗುತ್ತದೆ ಎಂದು 1990ರ ದಶಕದಲ್ಲೇ ಅಂಕಿ ಬರೆದು ತೋರಿಸಿದ ಸಂಸ್ಥೆ ಅದು. ಫ್ಯಾನಿನಂಥ ಸಾಮಾನ್ಯ ವಸ್ತುವನ್ನು ನೀತಿಯ ಚರ್ಚೆಗೆ ತಂದವರಲ್ಲೂ ಅವರು ಮುಂದು. ಫ್ಯಾನಿಗೆ ನಾನು ಆಮೇಲೆ ಬರುತ್ತೇನೆ.

ಹಾಗಾದರೆ ಎಂಟು ಲೀಟರಿನ ಪ್ರಶ್ನೆಗೆ ಉತ್ತರವೇನು? ಎಂಜಿನಿಯರುಗಳಿಗೆ ಗೊತ್ತಿರುವ ಉತ್ತರ ಸರಳ: ಪೈಪಿಗೆ ಶಾಖ ತಡೆಯುವ ಹೊದಿಕೆ, ತಣ್ಣೀರನ್ನು ಮತ್ತೆ ಟ್ಯಾಂಕಿಗೆ ತಿರುಗಿಸುವ ಒಂದು ಮರಳು ಪೈಪು, ಟೈಮರಿನ ಸಣ್ಣ ಪಂಪು. ಕಟ್ಟಡ ಕಟ್ಟುವಾಗ ಹಾಕಿದ್ದರೆ ಖರ್ಚು ನಗಣ್ಯ. ಹಾಕಿಲ್ಲ, ಯಾಕೆಂದರೆ ಬಿಲ್ಡರ್ ಜಳಕ ಮಾಡುವುದಿಲ್ಲ. ಅವನಿಗೆ ಟೆರೇಸಿನಲ್ಲಿ ಸೋಲಾರ್ ಕಂಡರೆ ಸಾಕು. ಬಿಸಿನೀರು ನಾಲ್ಕನೇ ಮಹಡಿಗೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಬ್ರೋಶರ್ ನೋಡುವಾಗ ಯಾರೂ ಕೇಳುವುದಿಲ್ಲ. ಈಗ ಹಾಕಬೇಕಾದರೆ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಠರಾವು ಆಗಬೇಕು. ಹತ್ತು, ಹನ್ನೊಂದನೇ ಮಹಡಿಯವರಿಗೆ ಈಗಲೇ ಬಿಸಿನೀರು ತಕ್ಷಣ ಬರುತ್ತದೆ, ಅವರೇಕೆ ಹಣ ಹಾಕಿಯಾರು? ನಾನೋ ಬಾಡಿಗೆಯವನು, ಸಭೆಯಲ್ಲಿ ಮತವಿಲ್ಲ. ನಮ್ಮ ಮನೆಯ ಮಾಲೀಕರಿಗೆ ಮತವಿದೆ, ಆದರೆ ಅವರು ಇರುವುದು ಬೇರೆ ದೇಶದಲ್ಲಿ, ಅಲ್ಲಿ ಅವರಿಗೆ ಬಿಸಿನೀರು ನಲ್ಲಿ ತಿರುಗಿಸಿದೊಡನೆ ಬರುತ್ತದೆ. ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ ಇಟ್ಟ ಆಸ್ತಿಗೆ ಪುಣೆ ಮಹಾನಗರಪಾಲಿಕೆ ತೆರಿಗೆಯಲ್ಲಿ ಶೇ. 5ರಿಂದ 10 ರಿಯಾಯಿತಿ ಕೊಡುತ್ತದೆ. ಒಳ್ಳೆಯದೇ, ಆದರೆ ಅದು ಸಿಗುವುದು ಅವರಿಗೆ, ತಣ್ಣೀರು ಹಿಡಿಯುವುದು ನಾವು.

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ತಂದ ಸೂರ್ಯ ಘರ್ ಯೋಜನೆಯದೂ ಇದೇ ಹಣೆಬರಹ. ಮೂರು ಕಿಲೋವಾಟಿನ ಸೋಲಾರ್ ವಿದ್ಯುತ್ ಹಾಕಿಸಿದರೆ 78,000 ರೂ. ಸಹಾಯಧನ, ಸಣ್ಣ ಮೊತ್ತವೇನಲ್ಲ. ತನ್ನದೇ ಸೂರು ಇದ್ದವನಿಗೆ ಇದು ಕಣ್ಣುಮುಚ್ಚಿ ಮಾಡುವ ವ್ಯವಹಾರ. ಹನ್ನೊಂದು ಮಹಡಿಗೆ ಸೂರು ಒಂದೇ. ಗುಂಪು ವಸತಿಯ ಲಿಫ್ಟು, ಪಂಪುಗಳಿಗೆಂದು ಕಿಲೋವಾಟಿಗೆ 18,000 ರೂ. ಇದೆ, ಅದಕ್ಕೂ ಮತ್ತೆ ಅದೇ ಸಭೆ, ಅದೇ ಠರಾವು. ನಗರಗಳಲ್ಲಿ ಉಳಿತಾಯದ ದೊಡ್ಡ ಬೀಗಗಳೆಲ್ಲ ಮನೆಯ ಹೊರಗಿವೆ. ಒಳಗಿರುವವರ ಕೈಗೆ ಚಾರ್ಜರ್ ಕೀಳುವ ಸಲಹೆ ಕೊಟ್ಟು ಸುಮ್ಮನಾಗುತ್ತೇವೆ.

ಧಾರವಾಡದಲ್ಲಿರುವ ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಆಕೆ ನಕ್ಕಳು. “ನೀ ಅಲ್ಲೆ ಯೂನಿಟ್ ಎಣಿಸ್ಕೋತ ಕೂಡು ತಮ್ಮಾ. ನಮಗಿಲ್ಲೆ ಪುಕ್ಕಟ ಬರ್ತದ.” ಗೃಹಜ್ಯೋತಿ. 2023ರಿಂದ ಕರ್ನಾಟಕದ ಮನೆಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲಿಲ್ಲ. ಆದರೆ ಎಲ್ಲರಿಗೂ 200 ಅಲ್ಲ; ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ. 10. ನಗು ಮುಗಿದ ಮೇಲೆ ಅಕ್ಕನ ದನಿ ಬದಲಾಯಿತು. ಇಪ್ಪತ್ತು ವರ್ಷದ ಹಿಂದೆಯೇ ಸೋಲಾರ್ ಹಾಕಿಸಿದ ಮನೆ ಆಕೆಯದು. ಸರಾಸರಿ 62 ಯೂನಿಟ್, ಹಾಗಾಗಿ ಪುಕ್ಕಟೆ ಸಿಕ್ಕಿದ್ದು 68. ಎದುರು ಮನೆಯವರು ಎರಡು ಗೀಸರ್ ಇಟ್ಟುಕೊಂಡು 150 ಸುಟ್ಟವರು, ಅವರಿಗೆ 165. “ಉಳಿಸಿದ್ದಕ್ಕ ನಮಗ ಶಿಕ್ಷಾ ಕೊಟ್ಟಾರ ನೋಡು.”

ಬಡವರ ಮನೆಗೆ ದೀಪ ಪುಕ್ಕಟೆ ಉರಿಯುವುದಕ್ಕೆ ನನ್ನ ವಿರೋಧವಿಲ್ಲ; ಬಿಲ್ ಕಟ್ಟಲಾಗದೆ ಕತ್ತಲಲ್ಲಿ ಕೂತವರಿಗೆ ಹಸಿರಿನ ಪಾಠ ಹೇಳುವುದು ಅಮಾನವೀಯ. ನನಗೆ ಒಪ್ಪಿಗೆಯಾಗದಿರುವುದು ಅಳತೆಗೋಲು. ಸಮಾನವಾಗಿ ಇಷ್ಟು ಎಂದು ಕೊಟ್ಟಿದ್ದರೆ ಮಿತವ್ಯಯಿಗೆ ಅನ್ಯಾಯವಾಗುತ್ತಿರಲಿಲ್ಲ. ಇದೇ ಕರ್ನಾಟಕದಲ್ಲಿ ಸೋಲಾರ್ ನೀರು ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ವಿನಾಯಿತಿ ಕೊಡುತ್ತಿದ್ದರು. ಸಣ್ಣ ಹಣ, ಆದರೆ ದಿಕ್ಕು ಸರಿಯಿತ್ತು. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಡ್ರಮ್ಮುಗಳು ಸಾಲುಗಟ್ಟಿ ನಿಂತಿರುವುದು ಜನರ ಪರಿಸರ ಪ್ರೇಮದಿಂದಷ್ಟೇ ಅಲ್ಲ, ಕಡ್ಡಾಯದ ನಿಯಮ ಮತ್ತು ಇಂಥ ವಿನಾಯಿತಿಗಳಿಂದ.

ಇಲ್ಲಿ ಒಂದು ಎದುರುವಾದವಿದೆ, ಅದನ್ನು ಮುಚ್ಚಿಡಬಾರದು. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಪುಸ್ತಕ ಬರೆದು, ಉಗಿಯಂತ್ರ ಕಡಿಮೆ ಕಲ್ಲಿದ್ದಲು ತಿನ್ನುವಂತಾದ ಮೇಲೆ ದೇಶ ಒಟ್ಟಾರೆ ಹೆಚ್ಚು ಕಲ್ಲಿದ್ದಲು ಸುಟ್ಟಿತು ಎಂದ. ಅಗ್ಗವಾದದ್ದನ್ನು ಜನ ಹೆಚ್ಚು ಬಳಸುತ್ತಾರೆ. ನಮ್ಮ ಮನೆಯೇ ಸಾಕ್ಷಿ. ಗೀಸರಿದ್ದ ಹಳೆಯ ಬಾಡಿಗೆ ಮನೆಯಲ್ಲಿ ಮಗ ಬಕೆಟ್ಟಿನಲ್ಲಿ ಮೀಯುತ್ತಿದ್ದ. ಸೋಲಾರ್ ಬಂದ ಮೇಲೆ ಶವರ್. ಬಿಸಿಲು ಪುಕ್ಕಟೆಯೆಂದು ಅವನ ವಾದ. ಬಿಸಿಲು ಪುಕ್ಕಟೆ, ನೀರಲ್ಲ. 2021ರಲ್ಲಿ 23 ಹಳ್ಳಿಗಳನ್ನು ಸೇರಿಸಿಕೊಂಡು ಉಬ್ಬಿದ ಪುಣೆಯ ಅಂಚುಗಳಲ್ಲಿ ಟ್ಯಾಂಕರ್ ನಂಬಿದ ಸೊಸೈಟಿಗಳು ಎಷ್ಟೋ. ಪಕ್ಕದ ಪಿಂಪ್ರಿ-ಚಿಂಚವಡದಲ್ಲಿ 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು. ಮಗನ ಶವರಿನ ಬಗ್ಗೆ ನಮ್ಮಲ್ಲಿ ಇನ್ನೂ ಒಪ್ಪಂದವಾಗಿಲ್ಲ. ಜೆವನ್ಸನ ಮಾತು ಸಾಮಾನು ಬದಲಿಸಬೇಡಿ ಎಂದಲ್ಲ. ಸಾಮಾನು ಬದಲಾದ ಮೇಲೂ ಬೆಲೆ ಕಣ್ಣಿಗೆ ಕಾಣುತ್ತಿರಬೇಕು ಎಂದು ನಾನು ಓದಿಕೊಳ್ಳುತ್ತೇನೆ.

ಹಸಿರು ಮತ್ತು ಅಗ್ಗ ಸದಾ ಜೊತೆಗೆ ನಡೆಯುತ್ತವೆ ಎಂಬ ಮಾತೂ ಅರ್ಧ ಸತ್ಯ. ಇಂಡಕ್ಷನ್ ಒಲೆಯನ್ನು ತೆಗೆದುಕೊಳ್ಳಿ. 14.2 ಕಿಲೋ ಸಿಲಿಂಡರಿಗೆ 850 ರೂಪಾಯಿ ಎಂದಿಟ್ಟುಕೊಂಡರೆ, ಒಳ್ಳೆಯ ಬರ್ನರಿನ ಮೇಲೆ ಪಾತ್ರೆಗೆ ತಲುಪುವ ಒಂದು ಯೂನಿಟ್ ಶಾಖಕ್ಕೆ ಏಳು ರೂಪಾಯಿಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ ನೂರು ಯೂನಿಟ್ ದಾಟಿದ ಪುಣೆಯ ಮನೆಯಲ್ಲಿ ಅದೇ ಶಾಖಕ್ಕೆ ಇಂಡಕ್ಷನ್ ಮೇಲೆ ಹತ್ತು ರೂಪಾಯಿಗೂ ಮೇಲೆ. ಧಾರವಾಡದ ಅಕ್ಕನಿಗೆ ಪುಕ್ಕಟೆ ಯೂನಿಟ್ ಮಿಕ್ಕಿದ್ದರೆ ಸೊನ್ನೆ. ಒಂದೇ ಒಲೆ, ಎರಡು ಊರು, ಎರಡು ಉತ್ತರ. ಊರು ಹೇಳದೆ ಸಲಹೆ ಕೊಡುವವರನ್ನು ನಂಬಬಾರದು. ಊರು ಯಾವುದಾದರೂ ಉಳಿಯುವ ಮಾತು ಒಂದಿದೆ: ಬೇಳೆ ನೆನೆಸಿಟ್ಟು ಕುಕ್ಕರಿಗೆ ಹಾಕಿ, ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡುವುದು. ಕುದಿಯುವ ನೀರು ಎಷ್ಟು ಉರಿ ಕೊಟ್ಟರೂ ಹೆಚ್ಚು ಬಿಸಿಯಾಗದು, ಹೆಚ್ಚು ಆವಿಯಾಗುತ್ತದೆ ಅಷ್ಟೇ.

ಇನ್ನು ತಣಿಸುವುದು. ಏಪ್ರಿಲ್ ಮಧ್ಯಾಹ್ನ ಪುಣೆ ನಲವತ್ತು ಮುಟ್ಟುತ್ತದೆ, ಆದರೆ ಗಾಳಿ ಒಣ, ರಾತ್ರಿ ಇಳಿಯುತ್ತದೆ. ಮುಂಬೈಯವರಿಗೆ ಇಲ್ಲದ ಭಾಗ್ಯ ಇದು. ಒಣ ಹವೆಯಲ್ಲಿ ನೀರಿನ ಕೂಲರ್ ಇನ್ನೂರು ವಾಟಿನೊಳಗೆ ಮಾಡುವ ಕೆಲಸಕ್ಕೆ ಎಸಿ ಸಾವಿರದ ಮೇಲೆ ತಿನ್ನುತ್ತದೆ. ರಾತ್ರಿ ಕಿಟಕಿ ತೆರೆದು ತಂಪು ಒಳಗೆ ತುಂಬಿ, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಪರದೆ ಎಳೆದರೆ ವಾಡೆಯ ದಪ್ಪ ಗೋಡೆಯ ಉಪಾಯ ಸ್ವಲ್ಪವಾದರೂ ನಡೆಯುತ್ತದೆ. ಆದರೆ ನಮ್ಮ ಹೊಸ ಮನೆಗಳ ಕಿಟಕಿ ನೋಡಿ: ಸರಿಸುವ ಗಾಜು. ಎಷ್ಟು ಸರಿಸಿದರೂ ಅರ್ಧವೇ ತೆರೆಯುತ್ತದೆ, ಇನ್ನರ್ಧದಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಅಡಗಿ ನಿಲ್ಲುತ್ತದೆ. ಅದೂ ಪಡುವಣಕ್ಕೆ. ಇಲ್ಲೂ ನಿರ್ಧಾರ ನಮಗಿಂತ ಮೊದಲೇ ಯಾರೋ ಮಾಡಿ ಹೋಗಿದ್ದಾರೆ.

ಬಾಡಿಗೆಯವನ ಕೈಗೆ ಸಿಗುವ ದೊಡ್ಡ ವಸ್ತು ಅಂದರೆ ಫ್ಯಾನು. ಮಾಲೀಕರು ತೂಗಿಹಾಕಿದ ಹಳೆಯ ಫ್ಯಾನು 75 ವಾಟ್; ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಮೋಟಾರಿನದು 30 ವಾಟ್, 11 ಯೂನಿಟ್. ಒಂದೊಂದು ಫ್ಯಾನಿಗೆ 16 ಯೂನಿಟ್ ಉಳಿತು, ಅದೂ ದುಬಾರಿ ಮೆಟ್ಟಿಲಿನದು. ಮೂರು ಸಾವಿರದ ಒಳಗೆ ಸಿಗುವ ಫ್ಯಾನು ಒಂದೂವರೆ ವರ್ಷದಲ್ಲಿ ತನ್ನ ದುಡ್ಡು ತಾನು ತೀರಿಸುತ್ತದೆ. ಫ್ಯಾನುಗಳಿಗೆ ನಕ್ಷತ್ರದ ಗುರುತು ಕಡ್ಡಾಯವಾದದ್ದು 2023ರ ಜನವರಿಯಲ್ಲಿ, ಎಸಿಗಳಿಗೆ ಆಗಿ ಎಷ್ಟೋ ವರ್ಷಗಳ ಮೇಲೆ. ಹೆಚ್ಚು ಮನೆಗಳಲ್ಲಿರುವ ವಸ್ತುವಿನ ಪಾಳಿ ಕೊನೆಗೆ ಬಂತು. ಫ್ಯಾನು ಬದಲಿಸಲೇ ಎಂದು ಮಾಲೀಕರಿಗೆ ಫೋನ್ ಮಾಡಿದ್ದೆ. ಬೇಕಾದರೆ ಹಾಕಿಕೊಳ್ಳಿ, ಬಾಡಿಗೆಯಲ್ಲಿ ಮುರಿಯುವುದಿಲ್ಲ ಅಂದರು.

ಹಾಕಿಕೊಂಡೆ. ಹಳೆಯ ಮೂರನ್ನು ಹಾಳೆಯಲ್ಲಿ ಸುತ್ತಿ ಲಾಫ್ಟಿಗೆ ಏರಿಸಿದೆ. ಬರುವ ಮೇ ತಿಂಗಳಲ್ಲಿ ಕರಾರು ಮುಗಿಯುತ್ತದೆ, ಆಗ ಅವನ್ನೇ ಮತ್ತೆ ತೂಗಿಹಾಕಿ ಹೋಗಬೇಕು. ಹಿಂದಿನ ಸಲ ಮನೆ ಬಿಡುವಾಗಲೂ ಹೀಗೇ ಆಗಿತ್ತು: ಟೆಂಪೋ ಕೆಳಗೆ ಹಾರ್ನ್ ಹಾಕುತ್ತಿದೆ, ಎಲೆಕ್ಟ್ರಿಷಿಯನ್ ಸ್ಟೂಲಿನ ಮೇಲೆ ನಿಂತು ನಮ್ಮ ಫ್ಯಾನು ಇಳಿಸಿ ಅವರ ಫ್ಯಾನು ಏರಿಸುತ್ತಿದ್ದಾನೆ, ಸಾಮಾನು ಹೊತ್ತ ಹುಡುಗರು ಗಾದಿಗಳ ನಡುವೆ ರೆಕ್ಕೆಗಳನ್ನು ಜೋಡಿಸುತ್ತಿದ್ದಾರೆ. ಗೇಟಿನ ವಾಚ್‌ಮನ್ ಪಟ್ಟಿ ನೋಡುತ್ತಾ, ಫ್ಯಾನು ಮಾಲೀಕರದಲ್ಲವೇ ಎಂದು ಕೇಳಿದ. ಬಿಲ್ ತೋರಿಸಿದೆ. ಆಮೇಲೆ ಅವನು ಆ ಎರಡು ಬಕೆಟ್ಟುಗಳನ್ನೂ ಎಣಿಸಿ ಬರೆದುಕೊಂಡ.